ಓರ್ಟೆಲಿಯಸ್‌ನ ಹಳೇ ನಕ್ಷೆ ಕೈಗೆ ಬಂದರೆ: ಅಸಲಿಯೇ, ಯಾವ ವರ್ಷದ್ದು, ಕಾಪಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹಳೇ ನಕ್ಷೆ ಸಿಕ್ಕ ಕೂಡಲೇ ಎಲ್ಲರ ಕಣ್ಣೂ ಮುಂಭಾಗಕ್ಕೆ ಹೋಗುತ್ತದೆ. ಹಡಗು, ಮತ್ಸ್ಯಕನ್ಯೆ, ಲ್ಯಾಟಿನ್ ಅಕ್ಷರ, ಬಣ್ಣ. ಸಹಜ. ಆದರೆ ಅದು 16ನೇ ಶತಮಾನದ ನಕ್ಷೆ ಪ್ರಕಾಶಕ ಅಬ್ರಹಾಂ ಓರ್ಟೆಲಿಯಸ್‌ನ ನಕ್ಷೆ ಅಂತ ಯಾರಾದರೂ ಹೇಳಿದರೆ ನೀವು ಮೊದಲು ಮಾಡಬೇಕಾದ್ದು ಒಂದೇ ಕೆಲಸ. ಹಾಳೆಯನ್ನು ತಿರುಗಿಸಿ, ಹಿಂಭಾಗ ನೋಡಿ.

ನಾನು ಹಾಗೆ ತಿರುಗಿಸಿ ನೋಡಿದ ಮೊದಲ ಹಾಳೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಏಷ್ಯಾ ಖಂಡ. ಹಿಂದೆ ಒತ್ತೊತ್ತಾಗಿ ಜೋಡಿಸಿದ ಲ್ಯಾಟಿನ್ ಸಾಲುಗಳು, ಕೆಳಗೆ ಒಂದು ಪುಟಸಂಖ್ಯೆ. ಅಲ್ಲಿಯವರೆಗೆ ಅದು ನನಗೆ ಗೋಡೆಗೆ ಹಾಕುವ ಚಿತ್ರವಾಗಿತ್ತು. ಆವತ್ತು ಅದು ಪುಸ್ತಕದ ಹಾಳೆ ಅನ್ನುವುದು ಗೊತ್ತಾಯಿತು. ಈ ಬರಹದ ಹಂತಗಳೆಲ್ಲ ಆ ಒಂದು ತಿಳಿವಳಿಕೆಯಿಂದ ಹುಟ್ಟಿದವು. ಓರ್ಟೆಲಿಯಸ್ ಪ್ರಕಾಶಕನಾಗಿ ಏನೇನು ಮಾಡಿದನೋ ಅದೆಲ್ಲ ಇವತ್ತು ನಮಗೆ ಸುಳಿವು.

ಮೊದಲು ಮನುಷ್ಯನನ್ನು ತಿಳಿದುಕೊಳ್ಳಿ

ಓರ್ಟೆಲಿಯಸ್ ಹುಟ್ಟಿದ್ದು 1527ರಲ್ಲಿ, ಆಂಟ್‌ವರ್ಪ್‌ನಲ್ಲಿ. ಇಂದಿನ ಬೆಲ್ಜಿಯಂನ ಬಂದರು ನಗರ ಅದು. 1547ರಲ್ಲಿ ಅಲ್ಲಿನ ಕಲಾವಿದರ, ಕುಶಲಕರ್ಮಿಗಳ ಸೇಂಟ್ ಲ್ಯೂಕ್ ಸಂಘಕ್ಕೆ ಸೇರಿದಾಗ ಅವನ ಕಸುಬು ನಕ್ಷೆ ಬರೆಯುವುದಲ್ಲ, ನಕ್ಷೆಗೆ ಬಣ್ಣ ಹಚ್ಚುವುದು. ಅಚ್ಚಾದ ನಕ್ಷೆ ಕೊಂಡು, ಬಣ್ಣ ಹಾಕಿ, ಬಟ್ಟೆಗೆ ಅಂಟಿಸಿ ಮಾರುತ್ತಿದ್ದ. ಮನೆಯಲ್ಲಿ ಅವನ ಸೋದರಿಯರೂ ಇದೇ ಕೆಲಸಕ್ಕೆ ಕೈ ಜೋಡಿಸಿದ್ದರು.

ಆಗ ನಕ್ಷೆಗಳೆಲ್ಲ ಬೇರೆ ಬೇರೆ ಅಳತೆಯವು. ಕೆಲವು ಎಷ್ಟು ದೊಡ್ಡವೆಂದರೆ ಬಿಚ್ಚಿ ಹರಡಲು ಜಾಗವೇ ಸಾಲದು. ಆಂಟ್‌ವರ್ಪ್‌ನ ಹೂಫ್ಟ್‌ಮನ್ ಎಂಬ ವ್ಯಾಪಾರಿಗೆ ಈ ಸುರುಳಿಗಳ ಕಾಟ ಸಾಕಾಗಿತ್ತು. ಒಂದೇ ಅಳತೆಯ ಹಾಳೆಯ ನಕ್ಷೆಗಳನ್ನು ಹುಡುಕಿ ಪುಸ್ತಕದ ಹಾಗೆ ಕಟ್ಟಿಸಿಕೊಡುವ ಕೆಲಸ ಓರ್ಟೆಲಿಯಸ್‌ಗೆ ಬಂತು. ಅಲ್ಲಿಂದ ಹೊಳೆದದ್ದು ದೊಡ್ಡ ಯೋಜನೆ. 1570ರ ಮೇ 20ರಂದು ‘ತಿಯಾತ್ರಮ್ ಆರ್ಬಿಸ್ ಟೆರಾರಮ್’ ಹೊರಬಂತು. ಭೂಮಂಡಲದ ರಂಗಮಂದಿರ ಎಂದು ಅರ್ಥ. 53 ಹಾಳೆಗಳ ನಕ್ಷೆ, ಎಲ್ಲಾ ಒಂದೇ ಅಳತೆ, ಪ್ರತಿ ನಕ್ಷೆಯ ಬೆನ್ನಿಗೆ ಆ ನಾಡಿನ ವಿವರಣೆ. ಇಂದಿನ ಅರ್ಥದ ಮೊದಲ ಅಟ್ಲಾಸ್ ಇದೇ ಅಂತ ಹೇಳುತ್ತಾರೆ. ನಕ್ಷೆ ಅಚ್ಚು ಹಾಕುವ ತಾಮ್ರದ ಹಾಳೆಗಳನ್ನು ಹೆಚ್ಚಾಗಿ ಕೊರೆದವನು ಫ್ರಾನ್ಸ್ ಹೋಗನ್‌ಬರ್ಗ್. ಮೊದಲು ಮುದ್ರಿಸಿದವನು ಗಿಲ್ಲಿಸ್ ಕೊಪ್ಪೆನ್ಸ್ ವಾನ್ ಡೀಸ್ಟ್. 1579ರಿಂದ ಮುದ್ರಣ ಹೆಸರಾಂತ ಕ್ರಿಸ್ಟೋಫ್ ಪ್ಲಾಂಟಿನ್‌ನ ಮುದ್ರಣಾಲಯಕ್ಕೆ ಹೋಯಿತು.

ನನಗೆ ಇವನಲ್ಲಿ ತುಂಬಾ ಇಷ್ಟವಾಗುವ ಗುಣ ಬೇರೆ. ಅವನು ಬೇರೆಯವರ ನಕ್ಷೆಗಳನ್ನು ಆಧರಿಸಿ ಪುಸ್ತಕ ಮಾಡಿದ, ಮತ್ತು ಅದನ್ನು ಮುಚ್ಚಿಡಲಿಲ್ಲ. 1570ರ ಪುಸ್ತಕದಲ್ಲೇ 87 ಹೆಸರುಗಳ ಪಟ್ಟಿ ಕೊಟ್ಟ. ಕದ್ದು ಕೊರೆಯುವುದು ಮಾಮೂಲಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ. ಚಿನ್ನದ ಕೆಲಸದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದಾದರೆ ಒಳ್ಳೆಯದು. ಒಂದು ಟಾರ್ಚ್, ಸ್ಕೇಲು, ಮೃದು ಪೆನ್ಸಿಲ್, ನೋಟ್‌ಬುಕ್. ಪೆನ್ನನ್ನು ಮೇಜಿನ ಹತ್ತಿರಕ್ಕೂ ತರಬೇಡಿ. ಗ್ಲೌಸ್ ಬೇಡ. ಕೈಯನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿಕೊಂಡರೆ ಸಾಕು. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಕಾಗದದ ಅಂಚು ಬೆರಳಿಗೆ ತಿಳಿಯುವುದೇ ಇಲ್ಲ, ಹರಿಯುವುದು ಆಗಲೇ.

ನಕ್ಷೆಗೆ ಫ್ರೇಮ್ ಹಾಕಿದ್ದರೆ ಬಿಚ್ಚಿಸಲೇಬೇಕು. ಒಮ್ಮೆ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ‘ಫ್ರೇಮ್ ತೆಗೆದರೆ ಹಾಳಾಗುತ್ತದೆ’ ಅಂದರು, ನಾನು ನಂಬಿ ತಂದೆ. ಮನೆಯಲ್ಲಿ ಬಿಚ್ಚಿದರೆ ಹಿಂಭಾಗ ಬೆಳ್ಳಗೆ, ಖಾಲಿ. ನುಣುಪು ಕಾಗದದ ಹೊಸ ಪ್ರಿಂಟ್ ಅದು. ಬಿಚ್ಚಲು ಒಪ್ಪದ ಕಡೆ ದುಡ್ಡು ಕೊಡಬೇಡಿ.

ಹಂತ 1: ಕಾಗದವನ್ನು ಬೆಳಕಿಗೆ ಹಿಡಿಯಿರಿ

ಓರ್ಟೆಲಿಯಸ್ ಕಾಲದ ಕಾಗದ ಕೈಯಿಂದ ಮಾಡಿದ್ದು. ಹಳೇ ಬಟ್ಟೆಯ ಚಿಂದಿಯನ್ನು ಕೊಳೆಸಿ, ಕುಟ್ಟಿ, ತಂತಿಯ ಜರಡಿಯ ಮೇಲೆ ಎತ್ತಿದ್ದು. ಆ ತಂತಿಯ ಗುರುತು ಕಾಗದದಲ್ಲಿ ಉಳಿಯುತ್ತದೆ. ಹಾಳೆಯನ್ನು ಕಿಟಕಿಗೆ ಎದುರಾಗಿ ಹಿಡಿದರೆ ಒತ್ತಾದ ಸಣ್ಣ ಗೆರೆಗಳು ಒಂದು ಕಡೆಗೆ, ಅವಕ್ಕೆ ಅಡ್ಡಲಾಗಿ ಎರಡು ಮೂರು ಸೆಂಟಿಮೀಟರಿಗೆ ಒಂದರಂತೆ ದೂರದ ಗೆರೆಗಳು ಕಾಣಬೇಕು. ನೋಟಿನಲ್ಲಿ ಗಾಂಧೀಜಿ ಮುಖ ಕಾಣುವ ಹಾಗೆ ಕೆಲವು ಹಾಳೆಗಳಲ್ಲಿ ಕಾಗದ ಮಾಡಿದವರ ವಾಟರ್‌ಮಾರ್ಕ್ ಕೂಡ ಕಾಣುತ್ತದೆ. ಎರಡೂ ಕಡೆ ಅಚ್ಚಾಗಿರುವುದರಿಂದ ಅದು ಸುಲಭಕ್ಕೆ ಸಿಗುವುದಿಲ್ಲ. ತಾಳ್ಮೆಯಿಂದ ಟಾರ್ಚ್ ಆಡಿಸಿ ನೋಡಿ.

ಈ ಗೆರೆಗಳೇ ಇಲ್ಲದೆ ಕಾಗದ ಒಂದೇ ಸಮ ಇದ್ದರೆ ಅದು 16ನೇ ಶತಮಾನದ್ದಲ್ಲ. ಅಂಥ ನಯವಾದ ಕಾಗದ ಯೂರೋಪಿನಲ್ಲಿ ಬಳಕೆಗೆ ಬಂದದ್ದು 18ನೇ ಶತಮಾನದ ನಡುವಿನಿಂದ ಈಚೆಗೆ.

ಗೆರೆ ಕಂಡಿತು ಅಂತ ಕುಣಿಯುವುದೂ ಬೇಡ. ಗೆರೆ ಇರುವ ಕಾಗದವನ್ನು ಈಗಲೂ ಮಾಡುತ್ತಾರೆ. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬಾರದು.

ಹಂತ 2: ತಾಮ್ರದ ಗುರುತು

ತಾಮ್ರದ ಹಾಳೆಯಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಎರಡು ಉರುಳೆಗಳ ನಡುವೆ ಭಾರೀ ಒತ್ತಡದಲ್ಲಿ ಹಾಯಿಸುತ್ತಿದ್ದರು. ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಮೇಲಕ್ಕೆತ್ತಿಕೊಂಡು ಬರುತ್ತಿತ್ತು. ಹೀಗಾಗಿ ಎರಡು ಗುರುತು ಉಳಿಯುತ್ತವೆ.

ಒಂದು, ನಕ್ಷೆಯ ಸುತ್ತ ತಾಮ್ರದ ಹಾಳೆಯ ಅಂಚು ಒತ್ತಿದ ತಗ್ಗು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಚೌಕಾಕಾರದ ನೆರಳು ಕಾಣುತ್ತದೆ. ಎರಡು, ಗೆರೆಗಳು ಕಾಗದದಿಂದ ಚೂರೇ ಚೂರು ಉಬ್ಬಿರುತ್ತವೆ, ಮದುವೆ ಕರೆಯೋಲೆಯ ಅಕ್ಷರದ ಹಾಗೆ, ಆದರೆ ಅದಕ್ಕಿಂತ ತುಂಬಾ ಸೂಕ್ಷ್ಮವಾಗಿ. ನಕ್ಷೆಯನ್ನು ಒತ್ತಿ ಸಪಾಟು ಮಾಡಿದ್ದರೆ ಈ ಉಬ್ಬು ಅಷ್ಟಾಗಿ ತಿಳಿಯುವುದಿಲ್ಲ.

ಈಗ ಭೂತಗನ್ನಡಿ ತೆಗೆದುಕೊಳ್ಳಿ. ಮೊದಲು ಮನೆಯ ಗೋಡೆಯ ಮೇಲಿನ ದೇವರ ಕ್ಯಾಲೆಂಡರ್ ನೋಡಿ. ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಹೂವಿನಂತೆ ಗುಂಪು ಕಟ್ಟಿರುವುದು ಕಾಣುತ್ತದೆ. ಅದು ಆಫ್‌ಸೆಟ್ ಮುದ್ರಣ. ಆಮೇಲೆ ನಕ್ಷೆ ನೋಡಿ. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಓರ್ಟೆಲಿಯಸ್‌ನ ಹಲವು ನಕ್ಷೆಗಳಲ್ಲಿ ಸಮುದ್ರವನ್ನು ಚುಕ್ಕಿಗಳಿಂದಲೇ ತುಂಬಿದ್ದಾರೆ. ಚುಕ್ಕಿ ಕಂಡ ತಕ್ಷಣ ನಕಲಿ ಅಂದುಕೊಳ್ಳಬೇಡಿ. ಕೈಯಿಂದ ಕೊರೆದ ಚುಕ್ಕಿ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಗುಂಡಗೆ, ಒಂದು ಉದ್ದಕ್ಕೆ, ಒಂದಕ್ಕೆ ಸಣ್ಣ ಬಾಲ. ಎಲ್ಲವೂ ಒಂದೇ ಶಾಯಿಯವು, ಬಣ್ಣ ಮಾತ್ರ ಅವುಗಳ ಮೇಲೆ ಬೇರೆಯಾಗಿ ಹರಡಿರುತ್ತದೆ. ಕೊರೆದ ಗೆರೆಯೂ ಹಾಗೇ. ನಡುವೆ ದಪ್ಪಗಿದ್ದು ತುದಿಗೆ ಬರುತ್ತಾ ಸೂಜಿಯಂತೆ ಸಣ್ಣದಾಗುತ್ತದೆ, ಕೊರೆಯುವವನ ಕೈ ಒತ್ತಡ ಸಡಿಲಿಸಿದ್ದು ಅಲ್ಲಿ ಗೊತ್ತಾಗುತ್ತದೆ. ಒಂದು ಹಡಗಿನ ಹಗ್ಗವನ್ನೋ ಬೆಟ್ಟದ ನೆರಳನ್ನೋ ಹೀಗೆ ಐದು ನಿಮಿಷ ನೋಡಿ. ಆಮೇಲೆ ನಿಮ್ಮ ಕಣ್ಣಿಗೆ ಸುಲಭಕ್ಕೆ ಮೋಸ ಆಗುವುದಿಲ್ಲ.

ಹಂತ 3: ಅಳತೆ, ನಡುಮಡಿಕೆ

ದೊಡ್ಡ ಪುಸ್ತಕದ ನಕ್ಷೆಗಳು ಸುಮಾರು 35ಕ್ಕೆ 50 ಸೆಂಟಿಮೀಟರ್ ಆಸುಪಾಸು. ಒದ್ದೆ ಕಾಗದ ಒಣಗುವಾಗ ಕುಗ್ಗುವುದರಿಂದ ಒಂದೇ ತಾಮ್ರದ ಎರಡು ಪ್ರತಿಗಳಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಪುಸ್ತಕಕ್ಕೆ ಹೊಲಿದಿದ್ದರಿಂದ ನಡುವೆ ಮಡಿಕೆ ಇರಬೇಕು. ಮಡಿಕೆಯ ಹಿಂದೆ ಕಾಗದದ ಪಟ್ಟಿ ಅಥವಾ ಅಂಟಿನ ಕಲೆ ಉಳಿದಿರಬಹುದು.

ಅಂಗೈಯಗಲದ ನಕ್ಷೆ ತೋರಿಸಿ ಓರ್ಟೆಲಿಯಸ್ ಅಂದರೆ? ಅದು ಪೂರ್ತಿ ಸುಳ್ಳಲ್ಲ. 1577ರಿಂದ ಫಿಲಿಪ್ಸ್ ಗಾಲೆ ಎಂಬ ಕೊರೆತಗಾರ ಜೇಬಿಗೆ ಹಿಡಿಸುವ ಪುಟ್ಟ ಆವೃತ್ತಿ ತಂದ. ಅದರ ನಕ್ಷೆಗಳು ಸುಮಾರು 8ಕ್ಕೆ 11 ಸೆಂಟಿಮೀಟರ್. ಅವೂ ಚೆಂದ, ಆದರೆ ಬೇರೆ ವಸ್ತು, ಬೇರೆ ಬೆಲೆ.

ಹಂತ 4: ಹಿಂಭಾಗ ಓದಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು.

ಮುಂಭಾಗದ ನಕ್ಷೆ ತಾಮ್ರದಿಂದ ಬಂದದ್ದು. ಅದೇ ತಾಮ್ರವನ್ನು 20, 30, 40 ವರ್ಷ ಬಳಸಿದರು. ಹಾಗಾಗಿ 1570ರ ಪ್ರತಿಗೂ 1600ರ ಪ್ರತಿಗೂ ಎಷ್ಟೋ ಸಲ ಮುಂಭಾಗದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಹಿಂಭಾಗದ ಬರಹ ಹಾಗಲ್ಲ. ಅದು ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕಿದ್ದು. ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಬೇರೆ ಪುಸ್ತಕಕ್ಕೆ ಬಳಸುತ್ತಿದ್ದರು. ಮುಂದಿನ ಆವೃತ್ತಿಗೆ ಮತ್ತೆ ಮೊದಲಿನಿಂದ ಜೋಡಿಸಬೇಕು. ಆಗ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟಸಂಖ್ಯೆ ಬದಲಾಗುತ್ತದೆ, ಓರ್ಟೆಲಿಯಸ್ ಹೊಸ ವಿಷಯ ಸೇರಿಸಿದ್ದರೆ ಬರಹವೇ ಬೆಳೆದಿರುತ್ತದೆ.

ಮೊದಲು ಭಾಷೆ ಗುರುತಿಸಿ. ಲ್ಯಾಟಿನ್ 1570ರಿಂದ ಇದೆ. ಡಚ್ ಮೊದಲು ಬಂದದ್ದು 1571ರಲ್ಲಿ. ಜರ್ಮನ್ ಮತ್ತು ಫ್ರೆಂಚ್ 1572ರಲ್ಲಿ. ಸ್ಪ್ಯಾನಿಷ್ 1588, ಇಂಗ್ಲಿಷ್ 1606, ಇಟಾಲಿಯನ್ 1608. ಹಿಂದೆ ಸ್ಪ್ಯಾನಿಷ್ ಇರುವ ಹಾಳೆಯನ್ನು ‘1570ರದ್ದು’ ಅಂತ ಯಾರಾದರೂ ಕೊಟ್ಟರೆ ನೀವು ಮರುಮಾತಿಲ್ಲದೆ ವಾಪಸ್ ಕೊಡಬಹುದು. ಮೂಲೆ ಮುರಿದಂತಿರುವ ಗಾಥಿಕ್ ಅಕ್ಷರ ಕಂಡರೆ ಅದು ಜರ್ಮನ್ ಇರಬಹುದು, ಡಚ್ ಕೂಡ ಇರಬಹುದು, ಅಕ್ಷರ ನೋಡಿಯೇ ಭಾಷೆ ತೀರ್ಮಾನಿಸಬೇಡಿ.

ಆಮೇಲೆ ಮೂರು ವಿಷಯ ನೋಟ್‌ಬುಕ್ಕಿಗೆ ಇಳಿಸಿ. ಪುಟಸಂಖ್ಯೆ. ಮೊದಲ ಸಾಲು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ. ಕೊನೆಯ ಸಾಲು ಪೂರ್ತಿ, ಅದರ ಚುಕ್ಕಿ, ಅಡ್ಡಗೆರೆ ಸಮೇತ. ಡಚ್ ವಿದ್ವಾಂಸ ಮಾರ್ಸೆಲ್ ವಾನ್ ಡೆನ್ ಬ್ರೂಕೆ ಓರ್ಟೆಲಿಯಸ್‌ನ ಪ್ರತಿಯೊಂದು ನಕ್ಷೆಗೂ ಒಂದು ಸಂಖ್ಯೆ ಕೊಟ್ಟು, ಯಾವ ಆವೃತ್ತಿಯಲ್ಲಿ ಹಿಂಭಾಗದ ಬರಹ ಹೇಗಿದೆ ಅಂತ ಪಟ್ಟಿ ಮಾಡಿದ್ದಾರೆ. ಅವರ ಕೆಲಸ ಆನ್‌ಲೈನ್‌ನಲ್ಲೂ ಸಿಗುತ್ತದೆ. ನೀವು ಬರೆದುಕೊಂಡದ್ದನ್ನು ಅದರ ಜೊತೆ ಹೋಲಿಸಿ. ಹೊಂದಿದರೆ ನಿಮ್ಮ ಹಾಳೆ ಅಚ್ಚಾದ ವರ್ಷವೇ ಸಿಗಬಹುದು. ನಾಲ್ಕು ಶತಮಾನ ದಾಟಿದ ಕಾಗದವೊಂದರ ವರ್ಷ ಹೀಗೆ ಕೈಗೆ ಸಿಗುವುದು ಎಂಥ ಖುಷಿ ಗೊತ್ತಾ? ನನಗೆ ಆ ಸಂಜೆ ಊಟದ ನೆನಪೂ ಆಗಿರಲಿಲ್ಲ.

ಹಿಂಭಾಗ ಖಾಲಿ ಇದ್ದರೆ ಅನುಮಾನ ಪಡಿ. ಆದರೆ ಬರಹವಿಲ್ಲದೆ ಅಚ್ಚಾದ ಬಿಡಿ ಹಾಳೆಗಳೂ ಅಪರೂಪಕ್ಕೆ ಇರುವುದರಿಂದ, ಉಳಿದ ಹಂತಗಳನ್ನು ಇನ್ನಷ್ಟು ಬಿಗಿಯಾಗಿ ಮಾಡಿ.

ಹಂತ 5: ಈಗ ಮುಂಭಾಗಕ್ಕೆ ಬನ್ನಿ

ನಕ್ಷೆಯ ಮೇಲೆ ಕೊರೆದ ಇಸವಿ ನಿಮ್ಮ ಹಾಳೆಯ ಇಸವಿ ಅಲ್ಲ. ತಾಮ್ರ ಕೊರೆದ ವರ್ಷ ಅದು, ಅಷ್ಟೇ. ಐಸ್‌ಲ್ಯಾಂಡಿನ ನಕ್ಷೆ, ಆ ವಿಚಿತ್ರ ಸಮುದ್ರಪ್ರಾಣಿಗಳ ನಕ್ಷೆ ಇದೆಯಲ್ಲ, ಅದರ ಮೇಲೆ 1585 ಅಂತ ಇದೆ. ಪುಸ್ತಕಕ್ಕೆ ಸೇರಿದ್ದು 1590ರಲ್ಲಿ. ಚೀನಾದ ನಕ್ಷೆ ಬಂದದ್ದು 1584ರಲ್ಲಿ. ಪಶ್ಚಿಮ ದಿಕ್ಕು ಮೇಲಿರುವ, ಮಹಾಗೋಡೆ ಮತ್ತು ಹಾಯಿ ಕಟ್ಟಿದ ಬಂಡಿಗಳಿರುವ ನಕ್ಷೆ ಅದು. 1570ರ ಚೀನಾ ನಕ್ಷೆ ಅಂತ ಯಾರಾದರೂ ಮಾರಿದರೆ ಅಂಥದ್ದು ಈ ಪುಸ್ತಕದಲ್ಲಿ ಇರಲೇ ಇಲ್ಲ.

ಪ್ರಪಂಚದ ನಕ್ಷೆಗೆ ಮೂರು ತಾಮ್ರದ ಹಾಳೆಗಳು ಬಳಕೆಯಾದವು. 1570ರದ್ದಕ್ಕೆ ಸುತ್ತ ಮೋಡಗಳ ಅಂಚು. ಆ ತಾಮ್ರ ಕೆಳಗಿನ ಎಡ ಮೂಲೆಯಲ್ಲಿ ಬಿರುಕು ಬಿಟ್ಟಿತು, ಆಮೇಲಿನ ಪ್ರತಿಗಳಲ್ಲಿ ಅದರ ಗುರುತು ಕಾಣುತ್ತದೆ. ಎರಡನೆಯದೂ ಮೋಡದ ಅಂಚಿನದೇ. ಮೂರನೆಯದರಲ್ಲಿ 1587 ಎಂಬ ಇಸವಿ ಇದೆ. ಮೋಡಗಳು ಹೋಗಿ ನಾಲ್ಕು ಮೂಲೆಗೆ ದುಂಡನೆಯ ಪದಕಗಳು ಬಂದಿವೆ, ಅವುಗಳಲ್ಲಿ ಪ್ರಾಚೀನ ರೋಮಿನ ಚಿಂತಕರಾದ ಸಿಸೆರೊ, ಸೆನೆಕರ ಮಾತುಗಳು. ಇನ್ನೂ ಸುಲಭದ ಗುರುತು ದಕ್ಷಿಣ ಅಮೆರಿಕ. ಮೊದಲ ಎರಡರಲ್ಲಿ ಅದರ ನೈಋತ್ಯಕ್ಕೆ ಒಂದು ಉಬ್ಬು ಹೊರಚಾಚಿದೆ. ಮೂರನೆಯದರಲ್ಲಿ ಅದನ್ನು ತಿದ್ದಿದ್ದಾರೆ. ತಪ್ಪು ಗೊತ್ತಾದ ಮೇಲೆ ಹೊಸ ತಾಮ್ರಕ್ಕೆ ಖರ್ಚು ಮಾಡಿದ ಪ್ರಕಾಶಕ ಇವನು.

ನಮ್ಮ ಕಡೆಯವರು ಹೆಚ್ಚಾಗಿ ಹುಡುಕುವುದು 1570ರ ‘ಇಂಡಿಯೆ ಓರಿಯೆಂಟಾಲಿಸ್’ ನಕ್ಷೆ. ಭಾರತದಿಂದ ಜಪಾನಿನವರೆಗೆ, ಆಗ್ನೇಯ ಏಷ್ಯಾದ ದ್ವೀಪಗಳು, ಬಲತುದಿಯಲ್ಲಿ ಅಮೆರಿಕದ ಅಂಚು. ಮತ್ಸ್ಯಕನ್ಯೆಯರೂ ಇದ್ದಾರೆ, ದೊಡ್ಡ ಸಮುದ್ರಪ್ರಾಣಿಗಳ ಬಾಯಿಗೆ ಸಿಕ್ಕಂತಿರುವ ಹಡಗೂ ಇದೆ. ಆ ಕಾಲದ ಯೂರೋಪಿನ ನಕ್ಷೆಗಳಲ್ಲಿ ದಕ್ಷಿಣ ಭಾರತದ ಮೇಲೆ ‘ನಾರ್ಸಿಂಗ’ ಎಂಬ ಹೆಸರು ಹುಡುಕಿ. ಅದು ವಿಜಯನಗರ. ಸಾಳುವ ನರಸಿಂಹನ ಹೆಸರನ್ನೇ ಪೋರ್ಚುಗೀಸರು ರಾಜ್ಯಕ್ಕೆ ಇಟ್ಟುಕೊಂಡಿದ್ದರು. ತಾಳಿಕೋಟೆ ಯುದ್ಧ ಆದದ್ದು 1565ರ ಜನವರಿಯಲ್ಲಿ. ಹಂಪಿ ಹಾಳಾಗಿ ಐದು ವರ್ಷವಾದ ಮೇಲೂ, ಅಷ್ಟೇ ಏಕೆ ಹಲವು ದಶಕ ಕಳೆದ ಮೇಲೂ ಯೂರೋಪಿನ ತಾಮ್ರಗಳಲ್ಲಿ ಆ ರಾಜ್ಯದ ಹೆಸರು ಹಾಗೇ ಅಚ್ಚಾಗುತ್ತಿತ್ತು. ಭೂತಗನ್ನಡಿಯಲ್ಲಿ ಆ ಏಳೆಂಟು ಅಕ್ಷರ ಕಂಡಾಗ ಕೈ ಅಲ್ಲೇ ನಿಂತುಬಿಡುತ್ತದೆ.

ಹಂತ 6: ಬಣ್ಣ

ಬಣ್ಣ ಯಾವಾಗಲೂ ಕೈಯಿಂದ ಹಚ್ಚಿದ್ದು. ಯಾವಾಗ ಹಚ್ಚಿದ್ದು ಎಂಬುದೇ ಪ್ರಶ್ನೆ. ಹಸಿರು ಬಣ್ಣ ಇರುವ ಜಾಗ ನೋಡಿಕೊಂಡು ಹಾಳೆ ತಿರುಗಿಸಿ. ಆ ಕಾಲದ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ಅದು ವರ್ಷಗಳು ಕಳೆದಂತೆ ಕಾಗದವನ್ನು ತಿನ್ನುತ್ತದೆ. ಸರಿಯಾಗಿ ಅದೇ ಆಕಾರದಲ್ಲಿ ಹಿಂಭಾಗದಲ್ಲಿ ಕಂದು ಕಲೆ ಕಂಡರೆ ಬಣ್ಣ ಹಳೆಯದಿರುವ ಸಂಭವ ಹೆಚ್ಚು. ಇಂಥ ಕಡೆ ಕಾಗದ ಹಪ್ಪಳದಂತೆ ಮುರಿಯುತ್ತದೆ, ಬಗ್ಗಿಸಬೇಡಿ. ಹರಿದು ಅಂಟಿಸಿದ ಜಾಗದ ಮೇಲೆ, ಮಡಿಕೆಯ ಸೀಳಿನೊಳಗೆ ಬಣ್ಣ ಇಳಿದಿದ್ದರೆ ಅದು ಈಚಿನದು. ಈಚಿನ ಬಣ್ಣ ಅಪರಾಧವಲ್ಲ, ಹಳೆಯದೆಂದು ಹೇಳಿ ಹಣ ಕೇಳಿದರೆ ಮಾತ್ರ ತಪ್ಪು.

ಹಂತ 7: ಎಲ್ಲಿಂದ ಬಂತು ಅಂತ ಕೇಳಿ

2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ ಒಂದು ಬ್ಲೇಡ್ ನೆಲದ ಮೇಲೆ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಅದರಿಂದ ಸಿಕ್ಕಿಬಿದ್ದ ನಕ್ಷೆ ವ್ಯಾಪಾರಿ ಗ್ರಂಥಾಲಯಗಳಿಂದ 97 ನಕ್ಷೆ ಕದ್ದದ್ದನ್ನು ಒಪ್ಪಿಕೊಂಡ. ಹಾಗಾಗಿ ಗ್ರಂಥಾಲಯದ ಮುದ್ರೆ, ಮುದ್ರೆ ಕೆರೆದು ತೆಗೆದಂಥ ತೆಳು ಜಾಗ, ಹೊಲಿಗೆಯ ಪಕ್ಕದಲ್ಲೇ ನೇರವಾಗಿ ಕೊಯ್ದ ಅಂಚು, ಇವುಗಳನ್ನು ನೋಡಿ. ಹಿಂದಿನ ಮಾಲೀಕರ ವಿವರ, ರಸೀದಿ ಬರಹದಲ್ಲಿ ಕೇಳಿ ಪಡೆಯಿರಿ.

ಇನ್ನೊಂದು ಮಾತು ಹೇಳಲೇಬೇಕು. ಮಾರುಕಟ್ಟೆಯಲ್ಲಿರುವ ಬಿಡಿ ನಕ್ಷೆಗಳು ಬಹುಪಾಲು ಇಡೀ ಅಟ್ಲಾಸ್ ಬಿಚ್ಚಿ ಮಾರಿದ್ದು. ಆಗಿಹೋದದ್ದಕ್ಕೆ ಏನೂ ಮಾಡಲಾಗದು. ಆದರೆ ಪೂರ್ತಿ ಪುಸ್ತಕ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಅದನ್ನು ಬಿಚ್ಚಲು ಬಿಡಬೇಡಿ.

ಭಾರತದಲ್ಲಿ 100 ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ವಿದೇಶಕ್ಕೆ ಒಯ್ಯುವ, ಕಳಿಸುವ, ಮಾರುವ ಯೋಚನೆ ಇದ್ದರೆ ಮೊದಲು ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಅಮೆರಿಕದಲ್ಲೋ ಯೂರೋಪಿನಲ್ಲೋ ಇರುವ ಕನ್ನಡಿಗರು ಅಲ್ಲಿ ಕೊಂಡು ಊರಿಗೆ ತರುವ ಮುಂಚೆಯೂ ಇದನ್ನು ಯೋಚಿಸಿ.

ಹಂತ 8: ಕಾಪಾಡುವುದು

ಲ್ಯಾಮಿನೇಷನ್ ಬೇಡವೇ ಬೇಡ. ಸೆಲ್ಲೋ ಟೇಪ್ ಬೇಡ. ಫೆವಿಕಾಲ್ ಬೇಡ. ಹರಿದಿದ್ದರೆ ಹಾಗೇ ಬಿಟ್ಟು ಕಾಗದ ಸಂರಕ್ಷಣೆ ಗೊತ್ತಿರುವವರ ಹತ್ತಿರ ಒಯ್ಯಿರಿ. ಅವರು ತೆಳು ಜಪಾನಿ ಕಾಗದವನ್ನು ಗೋಧಿ ಗಂಜಿಯಲ್ಲಿ ಅಂಟಿಸುತ್ತಾರೆ. ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು, ಅದೇ ಅದರ ಗುಣ.

ಫ್ರೇಮ್ ಹಾಕಿಸುವುದಾದರೆ ಆಮ್ಲವಿಲ್ಲದ ರಟ್ಟು ಕೇಳಿ. ಗಾಜು ನಕ್ಷೆಗೆ ತಾಗದ ಹಾಗೆ ನಡುವೆ ಅಂತರ ಇರಲಿ. ಬಿಸಿಲು ಬೀಳುವ ಗೋಡೆ, ಅಡುಗೆಮನೆ ಪಕ್ಕದ ಗೋಡೆ, ಬಾತ್‌ರೂಮಿನ ಆಚೆಬದಿಯ ಗೋಡೆ ಮೂರೂ ಬೇಡ. ಮಂಗಳೂರು, ಕಾರವಾರದ ಕಡೆಯವರಿಗೆ ಮಳೆಗಾಲದ್ದೇ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಕ್ಷೆಯನ್ನು ಗೋಡೆಯಿಂದ ಇಳಿಸಿ, ಆಮ್ಲವಿಲ್ಲದ ಫೋಲ್ಡರಿನಲ್ಲಿ ಮಲಗಿಸಿ, ಒಣಗಿದ ಕಪಾಟಿನ ನಡುವಿನ ಅರೆಯಲ್ಲಿ ಇಡಿ. ಸುರುಳಿ ಸುತ್ತಬೇಡಿ. ನುಸಿಗುಳಿಗೆ ಕಾಗದಕ್ಕೆ ತಾಗುವಂತೆ ಇಡಬೇಡಿ. 15 ದಿನಕ್ಕೊಮ್ಮೆ ತೆಗೆದು ಬೂಸಲು, ಬೆಳ್ಳಿಹುಳ ಇದೆಯಾ ನೋಡಿ. ತೇವ ಸುಮಾರು ಶೇ. 50ರ ಆಸುಪಾಸಿನಲ್ಲಿದ್ದರೆ ಕಾಗದಕ್ಕೆ ಹಿತ. ಅದನ್ನು ಅಳೆಯುವ ಪುಟ್ಟ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ.

ಕೊಳ್ಳದೆಯೂ ಕಲಿಯಬಹುದು

ಅಭ್ಯಾಸಕ್ಕೆ ದುಡ್ಡು ಬೇಕಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಡೇವಿಡ್ ರಮ್ಸಿ ನಕ್ಷೆ ಸಂಗ್ರಹ ಎರಡರ ತಾಣಗಳಲ್ಲೂ ಓರ್ಟೆಲಿಯಸ್‌ನ ಪುಟಗಳನ್ನು ಹತ್ತಿರದಿಂದ ಹಿಗ್ಗಿಸಿ ನೋಡಬಹುದು. ಹೈದರಾಬಾದಿನ ಕಲಾಕೃತಿ ಆರ್ಕೈವ್ಸ್‌ನಲ್ಲಿ ಭಾರತದ ಹಳೇ ನಕ್ಷೆಗಳ ದೊಡ್ಡ ಸಂಗ್ರಹ ಇದೆ. ಆಂಟ್‌ವರ್ಪ್‌ಗೆ ಹೋಗುವ ಅವಕಾಶ ಸಿಕ್ಕರೆ ಪ್ಲಾಂಟಿನ್‌ನ ಮನೆ ಮತ್ತು ಮುದ್ರಣಾಲಯ ಈಗ ಮ್ಯೂಸಿಯಂ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. 1600ರ ಆಸುಪಾಸಿನ ಎರಡು ಮುದ್ರಣಯಂತ್ರಗಳು ಅಲ್ಲಿ ಇನ್ನೂ ನಿಂತಿವೆ.

ಕೊನೆಯ ಕೆಲಸ

ಒಂದು ಚೀಟಿ ಬರೆಯಿರಿ. ನಕ್ಷೆಯ ಹೆಸರು, ಅಳತೆ, ಹಿಂಭಾಗದ ಭಾಷೆ, ಪುಟಸಂಖ್ಯೆ, ಕೊನೆಯ ಸಾಲು, ನೀವು ಕಂಡುಕೊಂಡ ಆವೃತ್ತಿ, ಯಾರಿಂದ ಯಾವ ದಿನ ಬಂತು. ಗೊತ್ತಾದರೆ ಓರ್ಟೆಲಿಯಸ್ ಯಾರ ನಕ್ಷೆಯನ್ನು ಆಧರಿಸಿದ್ದ ಎಂಬ ಹೆಸರನ್ನೂ, ಕೊರೆದವನ ಹೆಸರನ್ನೂ ಸೇರಿಸಿ. ಪೆನ್ಸಿಲ್‌ನಲ್ಲಿ ಬರೆದು ಫೋಲ್ಡರಿನ ಒಳಗೆ, ನಕ್ಷೆಯ ಪಕ್ಕದಲ್ಲಿ ಇಡಿ. ನಾಳೆ ಆ ಫೋಲ್ಡರ್ ನಿಮ್ಮ ಮೊಮ್ಮಗಳ ಕೈಗೆ ಹೋದಾಗ ಅವಳು ಹುಡುಕಾಟವನ್ನು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.